ಎಂಟಿರಿವ್ಯಾಗ ಒಂದು ಕುಂಟಿರಿವಿ

ಮಣ್ಣೆತ್ತಿನ ಅಮಾಸಿ ಮುಗಿದು ಎರಡು ದಿನ ಆಗಿತ್ತು. ಮಾನ್ವಿ ತಾಲ್ಲೂಕಿನ ಒಂದು ಸಣ್ಣ ಹಳ್ಳ್ಯಾಗ ನಾನು ನಲಿ-ಕಲಿ ಟೀಚರ್, ಅಂದ್ರ ಒಂದರಿಂದ ಮೂರನೇತ್ತ ತನಕ 23 ಮಕ್ಳು ಎಲ್ಲಾ ಒಂದೇ ರೂಮಿನ್ಯಾಗ. ಅವತ್ತು ಒಬ್ಬ ಹುಡುಗ ಎತ್ತು ಮಾಡಿ ಉಳಿದಿದ್ದ ಎರಿಮಣ್ಣಿನ ಮುದ್ದಿಯನ್ನ ಒದ್ದಿ ಬಟ್ಟ್ಯಾಗ ಸುತ್ಕೊಂಡು ಸಾಲಿಗೇ ತಂದುಬಿಟ್ಟಿದ್ದ. ಬೈಬೇಕು ಅಂದವಳು ಸುಮ್ನಾದೆ, ಹೆಂಗಿದ್ರೂ ಆ ವಾರ ಕೀಟದ ಪಾಠ ಇತ್ತು, ಚಾರ್ಟ್ ತೂಗಹಾಕಿ ತಲೆ ಎದೆ ಹೊಟ್ಟೆ ಅಂತ ಕೂಗಿಸೋದಕ್ಕಿಂತ ಇದರಾಗೇ ಇರಿವಿ ಮಾಡ್ಸೋಣ ಅನ್ನಿಸ್ತು.

ಮಾಡೋದು ಸರಳ ಐತ್ರಿ. ಮೂರು ಉಂಡಿ. ತಲಿಗೆ ಬಾರಿಹಣ್ಣಿನಷ್ಟು, ಎದಿಗೆ ಸ್ವಲ್ಪ ಉದ್ದಕ, ಹೊಟ್ಟಿಗೆ ನಿಂಬಿಕಾಯಷ್ಟು, ನಡಕ ಕಸಬರಿಗಿ ಕಡ್ಡಿ ಚುಚ್ಚಿ ಜೋಡಿಸೋದು, ಎದಿ ಹೊಟ್ಟಿ ನಡುವ ಕಡ್ಡಿ ಒಂಚೂರು ಕಾಣೋ ಹಂಗ ಬಿಟ್ರ ಇರಿವಿ ನಡ ಹೆಂಗ ಸಣ್ಣಗಿರ್ತೈತೋ ಹಂಗೇ ಬರ್ತೈತಿ. ಮೀಸಿಗೆ ಎರಡು ಕಡ್ಡಿ ಅರ್ಧ ಮುರಿದು ಮೊಣಕೈ ಹಂಗ ಬಗ್ಗಿಸಬೇಕು. ಮಣ್ಣಿಗೆ ಒಂದೀಟು ಹತ್ತಿ ಎಳಿ ಕಲಿಸಿದ್ರ ಒಣಗಿದಾಗ ಕಡಿಮಿ ಬಿರೀತೈತಿ, ಇದು ನನ್ನ ಜ್ಞಾನ ಅಲ್ಲ, ಮೂರನೇತ್ತ ಹುಡುಗಿ ಹೇಳಿಕೊಟ್ಟದ್ದು.

ಹತ್ತು ನಿಮಿಷ ಬಿಟ್ಟು ನೋಡ್ತೀನಿ, ಎಲ್ಲಾ ಇರಿವಿಗೂ ನಾಲ್ಕೇ ಕಾಲು! ಮುಂದ ಎರಡು, ಹಿಂದ ಎರಡು, ಹಿಂದಿನವು ಹೊಟ್ಟಿಗೆ ಚುಚ್ಚ್ಯಾರ. ಒಬ್ಬ ಅಂತೂ ಬೆನ್ನ ಮ್ಯಾಲ ಡುಬ್ಬಾನೂ ಇಟ್ಟಾನ. ಎರಡು ದಿನದ ಹಿಂದ ಎತ್ತು ಮಾಡಿದ ಕೈ, ಬ್ಯಾರೆ ಏನು ಮಾಡ್ತಾವ ಪಾಪ.

ತಿದ್ದಲಿಲ್ಲ. ಎಲ್ಲಾರನ್ನೂ ಹೊರಗ ಬೇವಿನ ಗಿಡದ ಬುಡಕ್ಕ ಕರ್ಕೊಂಡು ಹೋದೆ, ನೆಲದ ಮ್ಯಾಲ ಸಕ್ರಿ ಹಾಕಿ ಕುಂತ್ವಿ, ನನ್ನ ಹತ್ರ ಇದ್ದ ಒಂದೇ ಒಂದು ಭೂತಗನ್ನಡಿಗೆ ಜಗಳೋ ಜಗಳ. ಆರು ಕಾಲು, ಆರೂ ಎದಿಗೇ ಅದಾವ ಅನ್ನೋದು ಅವರ ಬಾಯಿಂದನ ಬಂತು. ಒಂದು ಮಿಡತಿನೂ ಸಿಕ್ತು, ಅದನ್ನ ಬಾಟ್ಲ್ಯಾಗ ಹಾಕಿ ತೋರ್ಸಿದೆ, ರೆಕ್ಕಿನೂ ಎದಿಗೇ ಹತ್ಯಾವ ನೋಡ್ರಿ ಅಂತ. ಇದಕ್ಕ ನಮ್ಮಂಗ ಮೂಗು ಇಲ್ಲ, ಪಕ್ಕಡಿಗೆ ಸಾಲಾಗಿರೋ ಸಣ್ಣ ತೂತಿನಿಂದ ಉಸಿರಾಡ್ತೈತಿ, ಕಿವಿ ಹೊಟ್ಟಿ ಪಕ್ಕದಾಗ ಐತಿ ಅಂದೆ. ಹೊಟ್ಯಾಗ ಕಿವಿ ಅಂದಿದ್ದೇ ತಡ, ಪಾಠ ಅಲ್ಲಿಗೆ ಮುಗೀತು, ಒಬ್ಬರ ಹೊಟ್ಟಿಗೆ ಒಬ್ಬರು ಬಾಯಿ ಹಚ್ಚಿ ಕೂಗಾಕ ಹತ್ತಿದ್ರು. ಒಬ್ಬ ಮಾತ್ರ ಗಂಭೀರಾಗಿ ಕೇಳ್ದ, "ಟೀಚರ್, ಇದಕ್ಕ ಯಾವ ಎಣ್ಣಿ ಹೊಡೀಬೇಕ್ರೀ?" ಹತ್ತಿ ಹೊಲದವರ ಮನಿ ಹುಡುಗ, ಹುಳ ಅಂದ್ರ ಎಣ್ಣಿ, ಅಂದ್ರ ಹುಳ ಸಾಯೋ ಔಷಧ.

ಒಳಗ ಬಂದು ಕಾಲು ಕಿತ್ತು ಮತ್ತ ಚುಚ್ಚಿದ್ರು. ಒಬ್ಬಂದು ಇರಿವಿ ಕಾಲು ಮುರೀತು. ಅವ ಅಳಲಿಲ್ಲ, ಅದನ್ನ ಅಂಗೈ ಮ್ಯಾಲ ಇಟ್ಕೊಂಡು ಎಲ್ಲಾರ ಮುಂದೂ ಹೋಗಿ "ಎಂಟಿರಿವ್ಯಾಗ ಒಂದು ಕುಂಟಿರಿವಿ ಬಂದೈತಿ, ಜ್ವಾಳ ನೀಡ್ರೆವ್ವೋ" ಅಂತ ಶುರು ಮಾಡ್ದ. ಅಮಾಸಿ ಮರುದಿನ ಕುಂಟೆತ್ತು ಹಿಡ್ಕೊಂಡು "ಎಂಟೆತ್ತಿನ್ಯಾಗ ಒಂದು ಕುಂಟೆತ್ತು" ಅಂತ ಹಾಡಿ ಜ್ವಾಳ ಬೇಡ್ಕೋತ ಓಣಿ ತುಂಬ ತಿರುಗಿದ ರೂಢಿ ಇನ್ನೂ ಹೋಗಿರಲಿಲ್ಲ. ಒಂದು ಹುಡುಗಿ ಅವನಿಗೆ ಚಾಕ್‌ಪೀಸ್ ನೀಡಿದ್ಳು.

ಮಧ್ಯಾಹ್ನ ಊಟ ಆದಮ್ಯಾಲ ಎರಡನೇತ್ತ ಹುಡುಗಿ ಕಡ್ಡಿಪೆಟ್ಟಿಗಿ ತಂದು ನನ್ನ ಟೇಬಲ್ ಮ್ಯಾಲ ಇಟ್ಳು. ಒಳಗ ಕೆಂಪು ಮಖಮಲ್ ಹಂಗಿರೋ, ಮೊದಲನೇ ಮಳಿಗೆ ನೆಲದಿಂದ ಏಳ್ತೈತಲ್ಲ, ಆ ಹುಳ. "ಟೀಚರ್, ಇದಕ್ಕ ಎಂಟದಾವ." ನೀ ತಪ್ಪು ಎಣಿಸೀದಿ ಅನ್ನಾಕ ಬಾಯಿ ತೆಗೆದಿದ್ದೆ, ಅಷ್ಟರಾಗ ನಾನೂ ಎಣಿಸಿದೆ. ಎಂಟು. ಹುಡುಗಿ ತಪ್ಪಲ್ಲ, ಬೆಳಿಗ್ಗಿಂದ ನಾನೇ "ಎಲ್ಲಾ ಹುಳಕ್ಕೂ ಆರು ಕಾಲು" ಅಂತ ಹೇಳ್ಕೋತ ಬಂದಿದ್ದೆ. ನಮ್ಮ ಕಡಿ ಚೇಳೂ ಹುಳಾನ, ಹಾವು ಕಡಿದ್ರೂ ಹುಳ ಮುಟ್ಟೈತಿ ಅಂತಾರ, ಆ ಮಾತನ್ನ ಕೀಟಕ್ಕ ಹಚ್ಚಿದ್ರ ಮಕ್ಳು ಕೇಳದೇ ಬಿಡ್ತಾರಾ?

ಇದು ಕೀಟ ಅಲ್ಲ, ಜೇಡ, ಚೇಳು, ಎತ್ತಿನ ಮೈಗೆ ಹತ್ತೋ ಉಣ್ಣಿ, ಇವರ ಬಳಗ ಅಂದೆ. ಇವಕ್ಕ ಮೀಸಿ ಇಲ್ಲ, ತಲಿ ಎದಿ ಹೊಟ್ಟಿ ಅಂತ ಮೂರು ಭಾಗಾನೂ ಇಲ್ಲ. (ಉಣ್ಣಿ ಮರಿಗೆ ಮೊದಲು ಆರೇ ಕಾಲು ಇರ್ತಾವ, ಆಮ್ಯಾಲ ಎಂಟಾಗ್ತಾವ. ಅದನ್ನ ಅವತ್ತು ಹೇಳಾಕ ಹೋಗಲಿಲ್ಲ ಬಿಡ್ರಿ.) ಕೆಂಪು ಹುಳಾನ ಗಿಡದ ಬುಡಕ್ಕ ಬಿಟ್ಟು ಬಂದ್ವಿ.

ಸಂಜಿಗೆ ಕೀಲಿ ಹಾಕೋ ಮುಂದ ಕಿಟಕಿ ಕಡಿ ನೋಡಿದೆ. 23 ಇರಿವಿ ಒಣಗಾಕ ಇಟ್ಟಿದ್ರು, ಪಕ್ಕದಾಗ ಯಾರೋ ಮನಿಯಿಂದ ತಂದ ಒಂದು ಮಣ್ಣೆತ್ತು. ಅದರ ಕಿವಿ ಹಿಂದ ಜ್ವಾಳದ ಕಾಳಿನಷ್ಟು ಮಣ್ಣು ಅಂಟಿಸಿ, ಅದಕ್ಕ ಸಣ್ಣ ಸಣ್ಣ ಕಡ್ಡಿ ಚುಚ್ಚಿದ್ರು. ಬಗ್ಗಿ ಎಣಿಸಿದೆ, ಎಂಟಿದ್ವು.