ಪುನರ್ಪುಳಿ ಮಿಷಿನ್

ಬೆಂಗಳೂರಲ್ಲಿರುವ ಭಾವ ಒಂದು ವಿಡಿಯೋ ಕಳಿಸಿದ್ದ, ಯಾರೋ ಮನೆಯಲ್ಲೇ ಕಾಕ್‌ಟೈಲ್ ಮಿಷಿನ್ ಮಾಡಿದ್ದು, ಗುಂಡಿ ಒತ್ತಿದ್ರೆ ನಾಲ್ಕು ಬಾಟ್ಲಿಯಿಂದ ಅಳತೆ ಪ್ರಕಾರ ಬಂದು ಗ್ಲಾಸಿಗೆ ಬೀಳ್ತದೆ. ನೋಡಿದ್ದೇ ತಡ ಕೈ ತುರಿಸ್ಲಿಕ್ಕೆ ಶುರು. ಆದ್ರೆ ಪೆರ್ಲದ ಹತ್ರ ಅಡಿಕೆ ತೋಟದ ನಡುವಿನ ನಮ್ಮ ಮನೆ ಜಗಲಿಯಲ್ಲಿ ರಮ್ಮು ವೋಡ್ಕಾ ಸಾಲಾಗಿ ಇಟ್ರೆ ಅಪ್ಪ ನನ್ನನ್ನೂ ಮಿಷಿನನ್ನೂ ಒಟ್ಟಿಗೆ ಕೆರೆಗೆ ಹಾಕಿಯಾರು. ಹಾಗಾಗಿ ಬಾಟ್ಲಿ ನಾಲ್ಕೇ, ಒಳಗಿನದ್ದು ಮಾತ್ರ ಬೇರೆ, ಪುನರ್ಪುಳಿ (ಕೋಕಂ) ಪಾಕ, ಲಿಂಬೆ ರಸ, ಸಕ್ಕರೆ ಪಾಕ, ಮತ್ತೆ ಶುಂಠಿ ಗಾಂಧಾರಿ ಮೆಣಸು ಜಜ್ಜಿ ಸೋಸಿದ ನೀರು. ಸೋಡಾ ಕೈಯಲ್ಲೇ ಹಾಕುದು, ಪಂಪಲ್ಲಿ ಬಿಟ್ರೆ ಬರೀ ನೊರೆ, ಅಳತೆ ಸಿಗುದಿಲ್ಲ.

ಪಂಪ್ ಪೆರಿಸ್ಟಾಲ್ಟಿಕ್ಕೇ ಆಗ್ಬೇಕು, ಅದರಲ್ಲಿ ರಾಜಿ ಇಲ್ಲ. ಒಳಗೆ ಒಂದು ಸಿಲಿಕೋನ್ ಟ್ಯೂಬ್, ಅದನ್ನು ರೋಲರ್‌ಗಳು ತಿರುಗ್ತಾ ತಿರುಗ್ತಾ ಒತ್ತಿ ಮುಂದೆ ನೂಕುದು, ಹಾಲು ಕರೆದ ಹಾಗೆ. ಕುಡಿಯುವ ವಸ್ತು ಟ್ಯೂಬಿಗಲ್ಲದೆ ಮೋಟಾರಿಗೆ ಎಲ್ಲಿಯೂ ತಾಗುದಿಲ್ಲ. ಪಂಪ್ ನಾಲ್ಕು, ಅವನ್ನು ಆನ್ ಆಫ್ ಮಾಡುವ ಸ್ವಿಚ್ಚಿನ ರಿಲೇ ಬೋರ್ಡು, 12 ವೋಲ್ಟಿನ ಒಂದು ಸಪ್ಲೈ, ಮತ್ತೆ ಎಲ್ಲದಕ್ಕೂ ಅಪ್ಪಣೆ ಕೊಡ್ಲಿಕ್ಕೆ ನಾವು ಕೋಡ್ ಬರೆದು ಹಾಕುವ ಸಣ್ಣ ಬೋರ್ಡು, ಆರ್ಡುಯಿನೊ. ಈ ಆರ್ಡುಯಿನೊ ಹೆಸರು ಬಂದದ್ದೇ ಇಟಲಿಯ ಇವ್ರೇಯಾ ಊರಿನ ಒಂದು ಬಾರಿನಿಂದ, ಅದನ್ನು ಮಾಡಿದವರು ಅಲ್ಲಿ ಕೂತು ಕುಡೀತಿದ್ರಂತೆ. ಅಪ್ಪನಿಗೆ ಇದನ್ನು ಹೇಳ್ಲಿಲ್ಲ.

ನಾನು ಎಡವಿದ್ದು ಪಾಕದಲ್ಲಿ. ನೀರು ಬಿಟ್ಟು ನೋಡಿದಾಗ ನಿಮಿಷಕ್ಕೆ 96 ಎಂಎಲ್ ಬಂತು, ಅದೇ ಲೆಕ್ಕ ನಾಲ್ಕಕ್ಕೂ ಕೋಡಿನಲ್ಲಿ ಹಾಕಿ ದೊಡ್ಡ ಇಂಜಿನಿಯರ್ ಹಾಗೆ ಕೂತೆ. ಅಮ್ಮ ಒಂದು ಗುಟುಕು ಕುಡಿದು "ಇದೆಂತ, ಪುನರ್ಪುಳಿ ಹಾಕಿದ್ದೋ ತೋರಿಸಿದ್ದೋ" ಕೇಳಿದ್ರು. ಅಳೆದ್ರೆ ಪಾಕ ದಪ್ಪ, ನಿಮಿಷಕ್ಕೆ 70 ಮಾತ್ರ ಬರುದು, 30 ಎಂಎಲ್ ಹೇಳಿದ್ರೆ 22 ಬೀಳ್ತಾ ಇತ್ತು. ಮತ್ತೆ ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ. ಟ್ಯೂಬಲ್ಲಿ ಗಾಳಿ ಇದ್ರೆ ಮೊದಲ ಗ್ಲಾಸ್ ಯಾವಾಗಲೂ ಕಮ್ಮಿ, ಅದನ್ನು ನಾನೇ ಕುಡಿಯುದು. ರಾತ್ರಿ ಬಿಸಿನೀರು ಓಡಿಸ್ಲಿಕ್ಕೆ ಮರೆತ್ರೆ ಬೆಳಿಗ್ಗೆ ಇರುವೆ ಮೆರವಣಿಗೆ ಬೇರೆ.

ಮೇ ತಿಂಗಳಲ್ಲಿ ಮನೆಯಲ್ಲಿ ಪೂಜೆ, ಬಂದವರಿಗೆ ಬಾಯಾರಿಕೆಗೆ ಬೆಲ್ಲ ನೀರಿನ ಬದಲು ನನ್ನ ಮಿಷಿನ್. ಶೋಕಿಗೆ ಸಣ್ಣ ಎಲ್‌ಸಿಡಿಯಲ್ಲಿ ಕನ್ನಡದಲ್ಲಿ ಸ್ವಾಗತ ಅಂತ ಬರ್ಲಿಕ್ಕೆ ಮಾಡಿದ್ದೆ, ಅದರಲ್ಲಿ ನಮ್ಮದೇ ಚಿಹ್ನೆ ಎಂಟೇ ಎಂಟು ಮಾಡ್ಲಿಕ್ಕೆ ಆಗುದು, ಚುಕ್ಕೆ ಚುಕ್ಕೆ ಕೂಡಿಸಿ ಎರಡು ರಾತ್ರಿ ಹೋಗಿತ್ತು, ಹಾಗಾಗಿ ಅದು ಐದು ಸೆಕೆಂಡ್ ನಿಲ್ಲಲಿ ಅಂತ ಬರೆದಿದ್ದೆ. ಮಧ್ಯಾಹ್ನ ಗುಡುಗು ಬಂದು ಕರೆಂಟ್ ಹೋಗಿ ಬಂದು ಹೋಗಿ ಬಂದು ಆಟ ಆಡಿತು. ಪ್ರತಿ ಸಲ ಕರೆಂಟ್ ಬಂದಾಗ ಸ್ಕ್ರೀನಲ್ಲಿ ಸ್ವಾಗತ, ಒಳಗೆ ಟಿಕ್ ಟಿಕ್ ಟಿಕ್ ಟಿಕ್, ನಾಲ್ಕೂ ಪಂಪ್ ಒಟ್ಟಿಗೆ ಶುರು, ಕೆಳಗೆ ಗ್ಲಾಸೇ ಇಲ್ಲ, ಪಕ್ಕದಲ್ಲಿ ಕಾಲು ನೀಡಿ ಕೂತಿದ್ದ ಮಾವನ ಬಿಳಿ ವೇಷ್ಟಿ ಪೂರ್ತಿ ಕೆಂಪು. ಪುನರ್ಪುಳಿ ಕಲೆ ಎಂತದ್ದು ಅಂತ ನಮ್ಮ ಕಡೆಯವರಿಗೆ ಹೇಳ್ಬೇಕಾ.

ತಪ್ಪು ನಂದೇ. ಈ ರಿಲೇ ಬೋರ್ಡು ಉಲ್ಟಾ ಬುದ್ಧಿಯದ್ದು, ಆರ್ಡುಯಿನೊದ ಪಿನ್ನಲ್ಲಿ ಲೋ, ಅಂದ್ರೆ ವೋಲ್ಟ್ ಇಲ್ಲದಿದ್ರೆ ಆನ್, ಹೈ, ಅಂದ್ರೆ ವೋಲ್ಟ್ ಇದ್ರೆ ಆಫ್. ಪಿನ್ನನ್ನು ಔಟ್‌ಪುಟ್ ಮಾಡಿದ ಕೂಡ್ಲೇ, ಅಂದ್ರೆ ಸಿಗ್ನಲ್ ಹೊರಗೆ ಕಳಿಸು ಅಂತ ಕೋಡಲ್ಲಿ ಹೇಳಿದ ಕೂಡ್ಲೇ, ಅದು ಲೋ. ನಾನು ಔಟ್‌ಪುಟ್ ಮಾಡಿ, ಆಮೇಲೆ ಸ್ವಾಗತ ತೋರಿಸಿ, ಆಮೇಲೆ ಹೈ ಮಾಡಿದ್ದು. ಮೊದಲು ಹೈ ಬರೆದು ಮತ್ತೆ ಔಟ್‌ಪುಟ್ ಮಾಡಿದ್ರೆ ಮುಗೀತು, ಒಂದು ಸಾಲು ಮೇಲೆ ಕೆಳಗೆ ಅಷ್ಟೇ ಮಾರಾಯ್ರೆ.

ಅಪ್ಪ ಇಷ್ಟು ದಿನ ಆ ಕಡೆ ತಿರುಗಿ ನೋಡಿದವರಲ್ಲ. ಮೊನ್ನೆ ಹತ್ರ ಬಂದು ನಿಂತು, "ಇದ್ರಲ್ಲಿ ಮೈಲುತುತ್ತು ಸುಣ್ಣ ಕಲಸ್ಲಿಕ್ಕೆ ಆಗ್ತದಾ?" ಕೇಳಿದ್ರು. ಮಳೆಗೆ ಮೊದಲು ಅಡಿಕೆಯ ಕೊಳೆರೋಗ ಮಹಾಳಿಗೆ ಮದ್ದು ಬಿಡ್ಬೇಕಲ್ಲ, ಒಂದು ಕೆಜಿ ತುತ್ತು, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಬೋರ್ಡೊ ಅಂತ ಹೆಸರಿನ ಈ ಮದ್ದು ಕೂಡ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದೇ, ಆ ಲೆಕ್ಕದಲ್ಲಿ ನಮ್ಮ ಮನೆಯ ನಿಜವಾದ ಕಾಕ್‌ಟೈಲ್ ಅದೇ. ನಾನು ಮೊಬೈಲಲ್ಲಿ ಲೆಕ್ಕ ಹಾಕಿ, ನೂರು ಲೀಟರ್ ಆಗ್ಲಿಕ್ಕೆ ಹದಿನೇಳು ಗಂಟೆ ಮೇಲೆ ಬೇಕು ಅಂದೆ.

ಅಪ್ಪ ಸ್ವಲ್ಪ ಹೊತ್ತು ನೋಡಿ, "ಪಂಪ್ ನಾಲ್ಕು ಉಂಟಲ್ಲಾ" ಹೇಳಿದ್ರು.