ಏಳೂವರೆ ಬಸ್ಸು

"ಏಳೂವರೆ ಬಸ್ಸಿಗೆ ನೀವು ಬಂದು ಮನೆ ಮುಟ್ಟಿಸ್ತೀರಾ?"

ಮೊನ್ನೆ ನಮ್ಮ ಹಳ್ಳಿ ಶಾಲೆಯ ಪಾಲಕರ ಸಭೆಯಲ್ಲಿ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ. ಯಕ್ಷಗಾನ ತರಗತಿಯನ್ನು ಮಕ್ಕಳು ಯಾಕೆ ಬಿಡುತ್ತಿದ್ದಾರೆ ಎಂದು ಕೇಳಲು ಕರೆದ ಸಭೆ. ಕೇಳಿದ್ದು ತೋಟದ ಕೆಲಸಕ್ಕೆ ಹೋಗುವ ಒಬ್ಬ ತಾಯಿ. ಕೇಳಿಸಿಕೊಂಡವರು ಶಿರಸಿ ಪೇಟೆಯಿಂದ ಕಾರಿನಲ್ಲಿ ಬಂದಿದ್ದ ಅತಿಥಿ. 'ಈಗಿನ ಮಕ್ಕಳಿಗೆ ಮೊಬೈಲ್ ಬಿಟ್ಟು ಯಾವುದರಲ್ಲೂ ಆಸಕ್ತಿಯಿಲ್ಲ' ಎಂದು ಆಗಷ್ಟೇ ಕೊರೆದು ಮುಗಿಸಿದ್ದರು. ಒಳ್ಳೆಯ ಮನುಷ್ಯರೇ, ಮಕ್ಕಳ ಗೆಜ್ಜೆಗೆ ದುಡ್ಡು ಕೊಟ್ಟವರು. ದುಡ್ಡು ಕೊಟ್ಟರೆ ಭಾಷಣದ ಹಕ್ಕೂ ಜೊತೆಗೆ ಬರುತ್ತದೆಂಬ ನಂಬಿಕೆ ಮಾತ್ರ ನಮ್ಮ ಕಡೆ ಬಲವಾಗಿದೆ.

ಶಾಲೆ ಬಿಟ್ಟ ಮೇಲಿನ ಯಕ್ಷಗಾನ ತರಗತಿಗೆ ಜೂನ್‌ನಲ್ಲಿ ಸೇರಿದವರು ಇಪ್ಪತ್ತೆಂಟು ಮಕ್ಕಳು. ಈಗ ಒಂಬತ್ತು. ಅವರಲ್ಲಿ ಏಳು ಜನರ ಮನೆ ಶಾಲೆಯಿಂದ ಕೂಗಳತೆಯಲ್ಲಿದೆ. ಕಾರಣ ಹುಡುಕಲು ಸಭೆ ಕರೆಯುವುದೇ ಬೇಡವಾಗಿತ್ತು.

ಆ ತಾಯಿಯ ಮಗಳು ಒಂಬತ್ತನೇ ತರಗತಿ. ಅವಳು ಹೆಜ್ಜೆ ಹಾಕಿದರೆ ಗುರುಗಳು ಉಳಿದವರನ್ನು ಕೂರಿಸಿ 'ನೋಡಿ' ಎನ್ನುತ್ತಿದ್ದರು. ತರಗತಿಗೆ ಉಳಿದು ಐದರ ಬಸ್ಸು ತಪ್ಪಿದರೆ ಮುಂದಿನದು ಏಳೂವರೆಗೆ. ಇಳಿದ ಮೇಲೆ ಕ್ರಾಸಿನಿಂದ ಕಾಡುದಾರಿ, ನಡುವೆ ಹಳ್ಳ ದಾಟುವ ಒಂದು ಸಂಕ. ಮಳೆಗಾಲದಲ್ಲಿ ಆರಕ್ಕೇ ಕತ್ತಲು, ಕಾಡುಕೋಣದ ಹೆದರಿಕೆ ಬೇರೆ, ಫೋನ್ ಮಾಡೋಣವೆಂದರೆ ನೆಟ್‌ವರ್ಕ್ ಇಲ್ಲ. ಗಂಡು ಹುಡುಗರು ಯಾರದೋ ಬೈಕಿನ ಹಿಂದೆ ಕೂತು ಹೋಗುತ್ತಾರೆ. ಇವಳು ಹಾಗೆ ಹತ್ತಿದರೆ ಮರುದಿನ ಅಂಗಡಿ ಕಟ್ಟೆಯಲ್ಲಿ ಅದೇ ಸುದ್ದಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಟಿಕೆಟ್ ಉಚಿತ, ಸಂತೋಷ. ಇಲ್ಲದ ಬಸ್ಸಿಗೆ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ಲೂ ಕೊರೊನಾ ಹೊತ್ತಿಗೆ ನಿಂತಿತು. ನಮ್ಮ ಏರುದಾರಿಯಲ್ಲಿ ಅದನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು ಅನ್ನಿ.

"ಏಳೂವರೆ ಬಸ್ಸಿಗೆ ನೀವು ಬಂದು ಮನೆ ಮುಟ್ಟಿಸ್ತೀರಾ?" ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಉತ್ತರ ಬೇಕಿತ್ತು. ಅತಿಥಿಗಳು ನೀರು ಕುಡಿದು, "ನಾನು ಜನರಲ್ ಆಗಿ ಹೇಳಿದ್ದಮ್ಮ" ಅಂದರು. ಮುಖ್ಯಾಧ್ಯಾಪಕರು ಗಡಬಡಿಸಿ ವಂದನಾರ್ಪಣೆ ಶುರುಮಾಡಿದರು. ಮುಜುಗರವಾದಾಗೆಲ್ಲ ವಂದನಾರ್ಪಣೆ ಮಾಡುವ ಕಲೆ ಅವರಿಗೆ ಸಿದ್ಧಿಸಿದೆ.

ಪೇಟೆಯ ಮಕ್ಕಳು ತಬಲಾ, ಭರತನಾಟ್ಯ, ಅಬಾಕಸ್ ಎಂದು ದಿನಕ್ಕೊಂದು ತರಗತಿಗೆ ಹೋಗುತ್ತಾರೆ. ಹೊರಗೆ ಅಪ್ಪನೋ ಅಮ್ಮನೋ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ. ಪ್ರತಿಭಾ ಕಾರಂಜಿಯ ಬಹುಮಾನದ ಪಟ್ಟಿ ನೋಡುವಾಗ ಆ ಸ್ಕೂಟರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ತರಗತಿ ಬಿಟ್ಟ ಹತ್ತೊಂಬತ್ತು ಮಕ್ಕಳಲ್ಲಿ ಎಷ್ಟು ಮಂದಿಗೆ ನಿಜವಾಗಿ ಬೇಜಾರು ಬಂದಿತ್ತು, ಎಷ್ಟು ಮಂದಿಗೆ ಐದರ ಬಸ್ಸು ಬಂದಿತ್ತು ಎಂದೂ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕಾದವರಿದ್ದಾರೆ. ಅಡಿಕೆ ಸುಲಿತ ಶುರುವಾದರೆ ಇನ್ನೂ ನಾಲ್ಕು ಜನ ಕಳಚಿಕೊಳ್ಳುತ್ತಾರೆ.

ಸಭೆ ಮುಗಿದ ಮೇಲೆ ದಾರಿ ಹೇಳಿಕೊಟ್ಟದ್ದೂ ಅದೇ ತಾಯಿ. "ಶನಿವಾರ ಬೆಳಗಿನ ಶಾಲೆ ಅಲ್ವಾ, ಮಧ್ಯಾಹ್ನ ಮಾಡಿ. ಊಟಾನೂ ಅಲ್ಲೇ ಆಗ್ತದೆ, ಮೂರರ ಬಸ್ಸೂ ಸಿಗ್ತದೆ." ಗುರುಗಳನ್ನು ಕೇಳಿದೆ. ಒಪ್ಪಿದ್ದಾರೆ, ಆದರೆ ದೀಪಾವಳಿ ಕಳೆದು ಯಕ್ಷಗಾನ ಮೇಳ ಊರೂರು ತಿರುಗಾಟಕ್ಕೆ ಹೊರಟರೆ ಶನಿವಾರವೂ ಕಷ್ಟವಂತೆ. ಅಷ್ಟರೊಳಗೆ ಒಡ್ಡೋಲಗ, ಅಂದರೆ ವೇಷಗಳು ರಂಗಕ್ಕೆ ಬರುವ ಕುಣಿತ, ಒಂದನ್ನಾದರೂ ಕಲಿಸಿಬಿಡಬೇಕು.