ಗುಮ್ಮಟದ ಸುತ್ತ ಬೆಳೆದ ಊರು

ವಿಜಯಪುರಕ್ಕೆ ಕ್ಯಾಮೆರಾ ಹಿಡಿದು ಹೋದವರು ಊರನ್ನು ಚೌಕಟ್ಟಿನಿಂದ ಹೊರಗಿಡಲು ಬಹಳ ಕಷ್ಟಪಡುತ್ತಾರೆ. ಗೋಳಗುಮ್ಮಟ ಬೇಕು, ಕರೆಂಟಿನ ತಂತಿ ಬೇಡ. ಬಾರಾಕಮಾನಿನ ಕಮಾನುಗಳು ಬೇಕು, ಹಿಂದಿನ ಮಾಳಿಗೆಯ ಮೇಲೆ ಒಣಹಾಕಿದ ಸೀರೆ ಬೇಡ. ಈ ಜನವರಿಯಲ್ಲಿ ಬಾಗಲಕೋಟೆಯಿಂದ ಬಸ್ಸು ಹತ್ತಿದಾಗ ನನಗೆ ಬೇಕಾಗಿದ್ದದ್ದು ಆ ತಂತಿ, ಆ ಸೀರೆ, ಕೋಟೆಗೋಡೆ ದಾಟಿ ಹರಡುತ್ತಲೇ ಇರುವ ಆ ಊರು.

ಬೆಳಿಗ್ಗೆ ಗೋಳಗುಮ್ಮಟದ ಮೂಲೆಯ ಏಳಂತಸ್ತಿನ ಮಿನಾರು ಹತ್ತಿದೆ. ಶಾಲೆಯ ಮಕ್ಕಳು ಒಳಗಿನ ಗ್ಯಾಲರಿಯಲ್ಲಿ ಕೂಗು ಹಾಕಿ ಪ್ರತಿಧ್ವನಿ ಎಣಿಸುತ್ತಿದ್ದರು. ನಾನು ಹೊರಗಿನ ತಾರಸಿಯಲ್ಲೇ ಉಳಿದು ಪಶ್ಚಿಮಕ್ಕೆ ಮುಖ ಮಾಡಿದೆ. ಊರು ಇರುವುದು ಆ ದಿಕ್ಕಿಗೇ. ಸೂರ್ಯ ಬೆನ್ನಿಗಿದ್ದ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಕಟ್ಟೆಗೆ ಮೊಣಕೈ ಊರಿ 200 ಮಿ.ಮೀ. ಲೆನ್ಸಿನಲ್ಲಿ ನೋಡಿದೆ.

ಉದ್ದ ಲೆನ್ಸು ದೂರವನ್ನು ಕುಗ್ಗಿಸುತ್ತದೆ. ಒಂದರ ಹಿಂದೊಂದಿರುವ ಮಾಳಿಗೆಗಳೆಲ್ಲ ಒಂದರ ಮೇಲೊಂದು ಏರಿ ಕೂತವು. ಸುಣ್ಣದ ಬಿಳಿ, ಗಿಳಿ ಹಸಿರು, ಬಣ್ಣ ಕಾಣದ ಸಿಮೆಂಟು, ಮುಂದೊಂದು ದಿನ ಇನ್ನೊಂದು ಅಂತಸ್ತು ಏರಿಸುವ ಆಸೆಯಿಂದ ಮೇಲಕ್ಕೆ ಬಿಟ್ಟ ಕಬ್ಬಿಣದ ಸರಳುಗಳು. ಮತ್ತೆ ಎಲ್ಲೆಲ್ಲೂ ಕರಿ ನೀರಿನ ಟಾಕಿಗಳು. ನಳದ ನೀರು ಬಂದ ದಿನ ತುಂಬಿಸಿಟ್ಟುಕೊಳ್ಳುವ ಊರಿದು, ಟಾಕಿ ಇಲ್ಲದ ಮಾಳಿಗೆ ಹುಡುಕಿದರೂ ಸಿಗಲಿಲ್ಲ. ಆದಿಲ್‌ಶಾಹಿಗಳ ಗುಮ್ಮಟಗಳ ನಡುವೆ ಆ ದುಂಡು ಟಾಕಿಗಳ ಸಾಲು ನನ್ನ ಕಣ್ಣಿಗೆ ಚೆಂದವೇ ಕಂಡಿತು.

ಹಾಂಗ್‌ಕಾಂಗಿನ ಗಗನಚುಂಬಿಗಳ ಚಿತ್ರ ತೆಗೆದ ಛಾಯಾಗ್ರಾಹಕ ಮೈಕೆಲ್ ವುಲ್ಫ್ ಆಕಾಶವನ್ನೂ ನೆಲವನ್ನೂ ಕತ್ತರಿಸಿಬಿಡುತ್ತಿದ್ದರು. ಕಟ್ಟಡಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ ಅನ್ನಿಸಬೇಕು. ನಾನೂ ಹಾಗೇ ಆಕಾಶ ಬಿಟ್ಟು ತೆಗೆದೆ. ಚಿತ್ರವೇನೋ ಗಟ್ಟಿಯಾಗಿ ಬಂತು, ಆದರೆ ಅದು ಯಾವ ಊರಾದರೂ ಆಗಬಹುದಿತ್ತು. ಗುಮ್ಮಟದ ಮೇಲೆ ನಿಂತವನಿಗೆ ಗುಮ್ಮಟವೇ ಕಾಣುವುದಿಲ್ಲವಲ್ಲ!

ಮಧ್ಯಾಹ್ನ ರೊಟ್ಟಿ ಊಟ ಮುಗಿಸಿ ಉಪ್ಪಲಿ ಬುರುಜಿಗೆ ನಡೆದೆ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಈ 24 ಮೀಟರಿನ ಬುರುಜಿಗೆ ಹೊರಮೈಯನ್ನೇ ಸುತ್ತಿಕೊಂಡು ಮೆಟ್ಟಿಲು. ಮೇಲೆ ಉದ್ದನೆಯ ತೋಪುಗಳು. ಇಳಿಬಿಸಿಲು ಪಶ್ಚಿಮದಿಂದ ಬಿದ್ದು, ಪೂರ್ವದಲ್ಲಿ ಮನೆಗಳ ರಾಶಿಯಾಚೆ ಗೋಳಗುಮ್ಮಟ ಎದ್ದು ನಿಂತಿತ್ತು. ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಅದೊಂದು ಚೌಕಟ್ಟಿನಲ್ಲಿದ್ದರೆ ಊರು ಎಷ್ಟು ಬೆಳೆದಿದೆ ಎಂಬುದಕ್ಕೆ ಅಳತೆ ಸಿಗುತ್ತದೆ.

ತೋಪಿನ ಪಕ್ಕ ಕೂತಿದ್ದ ಅಜ್ಜ ಕೇಳಿದರು, “ಸರ, ಗುಮ್ಮಟ ಅಷ್ಟ್ ದೂರ ಐತಿ, ಇಲ್ಲಿಂದ ಏನ್ ತಗೀಲಾಕತ್ತೀರಿ?”

“ಮನಿಗೋಳ್ನ ತಗೀತೀನ್ರಿ ಅಜ್ಜಾರ.”

ಅವರು ಕ್ಯಾಮೆರಾದ ಪರದೆಗೆ ಬಗ್ಗಿ ನೋಡಿದರು. “ನಾ ಸಣ್ಣಾವಿದ್ದಾಗ ಇಲ್ಲಿ ಇಷ್ಟ್ ಮನಿ ಎಲ್ಲಿದ್ವು? ಬರೇ ಜಾಲಿ ಗಿಡ, ಬಿದ್ದ ಗ್ವಾಡಿ.”

1855ರಲ್ಲಿ ಬಾಂಬೆ ಸರ್ಕಾರಕ್ಕಾಗಿ ಥಾಮಸ್ ಬಿಗ್ಸ್ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದದ್ದು ಅಂಥದೇ ಪಾಳು ವಿಜಾಪುರವನ್ನು. 1885ರಲ್ಲಿ ಜಿಲ್ಲಾ ಕೇಂದ್ರ ನಮ್ಮ ಕಲಾದಗಿಯಿಂದ ಇಲ್ಲಿಗೆ ಬಂದ ಮೇಲೆ ಊರು ಮತ್ತೆ ತುಂಬತೊಡಗಿತು. 2011ರ ಜನಗಣತಿಯ ಹೊತ್ತಿಗೆ ಮೂರು ಲಕ್ಷ ದಾಟಿತ್ತು. ಸ್ಮಾರಕ ಮಾತ್ರ ತೆಗೆಯುವವರು ಇವತ್ತಿಗೂ ಬಿಗ್ಸ್‌ನ ಕಾಲದ ಊರನ್ನೇ ತೆಗೆಯುತ್ತಿದ್ದಾರೆ. ಮರಳಿ ಬಂದು ಮನೆ ಕಟ್ಟಿದ ಜನರ ಚಿತ್ರ ಯಾರು ತೆಗೆಯಬೇಕು?

ಮರುದಿನ ಸೊಲ್ಲಾಪುರ ರಸ್ತೆಯ ಕಡೆ ಹೋದೆ. ಎರೆ ಹೊಲದಲ್ಲಿ ಬಿಳಿಜೋಳ ತೆನೆಗಟ್ಟಿತ್ತು, ಪಕ್ಕದ ಹೊಲದಲ್ಲಿ ಪ್ಲಾಟಿನ ಕಲ್ಲು ನೆಟ್ಟಿದ್ದರು. ಅಲ್ಲಿ ತೆಗೆದದ್ದು ಕೆಲವೇ ಚಿತ್ರ.

ಆರಿಸಿಕೊಂಡದ್ದು ಉಪ್ಪಲಿ ಬುರುಜಿನ ಮೇಲಿನ ಚಿತ್ರವನ್ನು. ಮೊಬೈಲಿನಲ್ಲಿ ಅದು ಬರೀ ಮನೆಗಳ ಗುಂಪು. ಮೂರಡಿ ಅಗಲದ ಪ್ರಿಂಟು ಹಾಕಿಸಿದೆ. ಈಗ ಹತ್ತಿರ ಹೋದರೆ ಒಂದು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿರುವ ಹೆಂಗಸು, ಇನ್ನೊಂದರ ಮೇಲೆ ಟಾಕಿಯ ಮುಚ್ಚಳ ತೆಗೆದು ಇಣುಕುತ್ತಿರುವ ಹುಡುಗ ಕಾಣುತ್ತಾರೆ. ಇಂಥ ಚಿತ್ರವನ್ನು ಅದಕ್ಕಿಂತ ಚಿಕ್ಕದಾಗಿ ತೋರಿಸಲು ನನಗೆ ಮನಸ್ಸಿಲ್ಲ.